ಕೆಂಚನ ಬಾವು, ಜಂಬಣ್ಣನ ದಯೆ

ನೀಲಗಂಗಮ್ಮ: ಆ ಗುಳಿಗಿ ಕೆಳಗಿಡ್ರಿ ಮೊದ್ಲು.

ಜಂಬಣ್ಣ: ಅರ್ಧ ಅಷ್ಟ ಲೇ. ಹಾಲಿನ್ಯಾಗ ಅರೆದು ಹಾಕಿದ್ರ ಅದಕ್ಕ ಗೊತ್ತಾಗಂಗಿಲ್ಲ.

ನೀಲಗಂಗಮ್ಮ: ಅದು ನಿಮ್ಮ ಜ್ವರದ ಗುಳಿಗಿ.

ಜಂಬಣ್ಣ: ಅದಕ್ಕೂ ಜ್ವರ ಐತಿ. ಕಿವಿ ಮುಟ್ಟಿ ನೋಡು, ಸುಡಾಕತ್ತೈತಿ.

ನೀಲಗಂಗಮ್ಮ: ನಿಮಗ ಜ್ವರ ಬಂದ್ರ ಎತ್ತಿನ ಸೂಜಿ ಮಾಡಿಸ್ಕಂತೀರೇನು? ಬೆಕ್ಕಿಗೆ ಮನಷ್ಯಾರ ಗುಳಿಗಿ ನಡೀತೈತಂತ ಯಾರು ಹೇಳಿದ್ರು?

ಯಾರೂ ಹೇಳಿರಲಿಲ್ಲ. ಕೊಟ್ಟೂರಿನ ಬಜಾರದಲ್ಲಿ ಪಾತ್ರೆ ಅಂಗಡಿ ನಡೆಸುವ ಜಂಬಣ್ಣ, ಬೆಳಗಿನ ಎಂಟು ಗಂಟೆಗೆ, ಅಂಗಡಿಯ ಬೀಗ ತೆಗೆಯಬೇಕಾದ ಹೊತ್ತಿನಲ್ಲಿ, ಒಂದು ಕೈಯಲ್ಲಿ ಹಾಲಿನ ಬಟ್ಟಲು, ಇನ್ನೊಂದು ಕೈಯಲ್ಲಿ ಅರ್ಧ ಮಾತ್ರೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಜೋಳದ ಡಬ್ಬಿಯ ಹಿಂದೆ ಕೆಂಚ ಎಂಬ ಕೆಂಪು ಗಂಡುಬೆಕ್ಕು ಮುದುಡಿಕೊಂಡು ಮಲಗಿತ್ತು. ನಾಲ್ಕು ದಿನದ ಹಿಂದೆ ಅದರ ಕುತ್ತಿಗೆಯ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಬಾವು ಕಾಣಿಸಿಕೊಂಡಿತ್ತು. ಇವತ್ತು ನಸುಕಿನಲ್ಲಿ ಅದು ತಾನಾಗಿ ಒಡೆದು, ಕೀವು ಹರಿದು, ಕೂದಲೆಲ್ಲ ಅಂಟಿಕೊಂಡು, ಪಡಸಾಲೆಯವರೆಗೂ ನಾತ ಹೊಡೆಯುತ್ತಿತ್ತು.

ಒಂದೂವರೆ ವರ್ಷದ ಹಿಂದೆ ಹೆಂಡತಿ ನೀಲಗಂಗಮ್ಮ ಹಡಗಲಿಯ ತಂಗಿಯ ಮನೆಯಿಂದ ಈ ಬೆಕ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಾಗ ಜಂಬಣ್ಣ ಎರಡು ದಿನ ಮಾತು ಬಿಟ್ಟಿದ್ದ. ಆಮೇಲೆ ಬೆಕ್ಕಿನ ಜೊತೆ ಅವನು ಆಡಿದ ಮಾತೆಂದರೆ ‘ಉಶ್’ ಒಂದೇ. ಅಂಥವನು ಈ ನಾಲ್ಕು ದಿನದಿಂದ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬಿಸಿ ಬಟ್ಟೆಯ ಶಾಖ ಕೊಡುತ್ತಿದ್ದ, ಬೆರಳಲ್ಲಿ ಹಾಲು ನೆಕ್ಕಿಸುತ್ತಿದ್ದ. ನೀಲಗಂಗಮ್ಮ ಇದನ್ನು ಎದುರುಮನೆಯ ಪಕ್ಕೀರಮ್ಮನಿಗೆ ಹೇಳಿದಳು. ಪಕ್ಕೀರಮ್ಮ ಕಿಟಕಿಯಲ್ಲಿ ನಿಂತು ಕಣ್ಣಾರೆ ನೋಡಿದಳು. ಓಣಿಯಲ್ಲಿ ಜಂಬಣ್ಣನ ದಯೆ ಮನೆಮಾತಾಯಿತು. ಆ ದಯೆ ಎಲ್ಲಿಂದ ಬಂತೆಂಬುದು ಅವನೊಬ್ಬನಿಗೇ ಗೊತ್ತಿತ್ತು.

ಆರು ದಿನದ ಹಿಂದೆ, ಹೆಂಡತಿ ನಳದ ಹತ್ತಿರ ಇದ್ದಾಗ, ಕೆಂಚ ಹಾಲಿನ ಪಾತ್ರೆಯಲ್ಲಿ ಮುಖ ಇಟ್ಟು ಕೆನೆ ಮುಗಿಸುತ್ತಿತ್ತು. ಜಂಬಣ್ಣನ ಕೈಗೆ ತಂಬಿಗೆ ಸಿಕ್ಕಿತು. ಬೀಸಿ ಒಗೆದ. ತಂಬಿಗೆ ಕೆಂಚನ ಕುತ್ತಿಗೆಗೆ ಬಡಿದು, ಗೋಡೆಗೆ ಬಡಿದು, ನೆಗ್ಗಿತು. ಎರಡು ದಿನಕ್ಕೆ, ಸರಿಯಾಗಿ ಅದೇ ಜಾಗದಲ್ಲಿ, ಬಾವು ಎದ್ದಿತು. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ಅವನ ಅಜ್ಜಿ ಹೇಳುತ್ತಿದ್ದುದು ಆಗ ನೆನಪಿಗೆ ಬಂತು. ಸಂಶಯ ಬೇಡವೆಂದು ಮಠದ ಅಯ್ಯನವರ ಹತ್ತಿರ ಹೋಗಿ, ಗುರುತಿನವರೊಬ್ಬರಿಗೆ ಹೀಗಾಗಿದೆ ಎಂದು ವಿಚಾರಿಸಿದ. ಹೌದು, ಬಂಗಾರದ್ದೇ ಆಗಬೇಕು ಎಂದರು ಅಯ್ಯನವರು. ತೀರ ಸಣ್ಣದು ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ, ನಡೆಯುತ್ತದೆ, ಆದರೆ ನೋಡಿದವರಿಗೆ ಬೆಕ್ಕೆಂದು ಗುರುತು ಸಿಗಬೇಕು, ಮೀಸೆ ಇರಲಿ ಎಂದರು. ಇವತ್ತಿನ ಬಂಗಾರದ ರೇಟಿನಲ್ಲಿ ಮೀಸೆಯೊಂದೇ ಒಂದು ಸಂಸಾರ ಮುಳುಗಿಸುವಷ್ಟಾಗುತ್ತದೆ. ಅವತ್ತಿನಿಂದ ಜಂಬಣ್ಣನ ಎದೆಯಲ್ಲಿ ದಯೆ ಉಕ್ಕತೊಡಗಿತ್ತು.

ಜಂಬಣ್ಣ: ಗುಳಿಗಿ ಬ್ಯಾಡಂದ್ರ ದವಾಖಾನಿಗೆ ನಡಿ.

ನೀಲಗಂಗಮ್ಮ: ಅರಿಷಿಣ ತುಂಬಿದ್ರ ಮೂರು ದಿನಕ್ಕ ಮಾಯ್ತೈತಿ. ಒಡೆದ ಮ್ಯಾಲ ಇನ್ನೇನು ಐತಿ? ಕೆಟ್ಟದ್ದೆಲ್ಲ ಹೊರಗ ಬಂತಲ್ಲ.

ಜಂಬಣ್ಣ: ಒಳಗ ಉಳಿದಿದ್ರ?

ನೀಲಗಂಗಮ್ಮ: ನೆಕ್ಕಿ ನೆಕ್ಕಿ ತಾನ ವಾಸಿ ಮಾಡ್ಕಂತೈತಿ.

ಜಂಬಣ್ಣ: ಕುತ್ತಿಗಿ ಅದು. ಬೆಕ್ಕಿಗೆ ತನ್ನ ಕುತ್ತಿಗಿ ಸಿಗತೈತೇನು ನೆಕ್ಕಾಕ? ಸತ್ರ ಯಾರು ಹೊಣಿ?

ನೀಲಗಂಗಮ್ಮ: ಸತ್ರ ಯಾರೇನು ಮಾಡಾಕ ಬರತೈತಿ?

ಜಂಬಣ್ಣ: ಮಾಡ್ಸಾಕ ಬರತೈತಿ. ಅದ ಚಿಂತಿ.

ಈ ಮಾತು ಅವಳಿಗೆ ಅರ್ಥವಾಗಲಿಲ್ಲ. ಗಂಡನ ಸಂಕಟಕ್ಕೆ ಮಾತು ತಡವರಿಸುತ್ತಿದೆ ಎಂದುಕೊಂಡು ಅವಳ ಮನಸ್ಸು ಮೆತ್ತಗಾಯಿತು. ಹೋಗುವುದಾದರೆ ಗಾಯ ತೊಳೆದಾದರೂ ಹೋಗೋಣ ಎಂದು ಎದ್ದಳು.

ನೀಲಗಂಗಮ್ಮ: ಆ ದೊಡ್ಡ ತಂಬಿಗಿ ಎಲ್ಲೈತ್ರಿ? ಸಣ್ಣಗ ನೀರು ಬಿಡಾಕ ಅದ ಚಲೋ.

ಜಂಬಣ್ಣ: ಅದು ಅಂಗಡ್ಯಾಗ ಐತಿ.

ನೀಲಗಂಗಮ್ಮ: ಮನಿ ತಂಬಿಗಿ ಅಂಗಡಿಗ್ಯಾಕ ಹೋತು?

ಜಂಬಣ್ಣ: ಹೆಸರು ಹಾಕ್ಬೇಕಿತ್ತು.

ನೀಲಗಂಗಮ್ಮ: ನಮ್ಮ ಮದುವಿ ತಂಬಿಗಿ. ನಮ್ಮಪ್ಪ ಹೆಸರು ಹಾಕಿಸೇ ಕೊಟ್ಟಿದ್ದ.

ಜಂಬಣ್ಣ: ಅಳಿಸೈತಿ.

ನೀಲಗಂಗಮ್ಮ: ಕೊರೆದ ಹೆಸರು ಹೆಂಗ ಅಳಸತೈತ್ರಿ?

ಜಂಬಣ್ಣ: ಹೊತ್ತಾತು ನಡಿ ಲೇ. ಡಾಕ್ಟ್ರು ಹೋದಾರು.

ಕೆಂಚನನ್ನು ಒಯ್ಯಲು ಐದು ಲೀಟರಿನ ಕುಕ್ಕರಿನ ಖಾಲಿ ರಟ್ಟಿನ ಡಬ್ಬಿ ಸಿಕ್ಕಿತು. ಪಶು ಆಸ್ಪತ್ರೆಯಲ್ಲಿ ಅವರಿಗಿಂತ ಮುಂಚೆ ಒಂದು ಎಮ್ಮೆ ಬಂದು ನಿಂತಿತ್ತು, ಅವರ ಹಿಂದೆಯೇ ಎರಡು ಕುರಿ ಬಂದವು. ಗುಡೇಕೋಟೆ ಕಡೆಯಿಂದ ಬಂದು ಸೇರಿದ್ದ ಡಾಕ್ಟರ್ ಸುಕನ್ಯಾ ಎಮ್ಮೆಯನ್ನು ಕಳಿಸಿ ಇತ್ತ ತಿರುಗಿದಾಗ ಎದುರಿಗೆ ಡಬ್ಬಿ ಅಪ್ಪಿಕೊಂಡು ನಿಂತ ದಂಪತಿ ಕಂಡರು.

ಸುಕನ್ಯಾ: ಕುಕ್ಕರ್ ರಿಪೇರಿ ಬಜಾರದಾಗ ಮಾಡ್ತಾರ ನೋಡ್ರಿ.

ಜಂಬಣ್ಣ: ಅದು ನಮ್ಮ ಅಂಗಡೀನ ಮೇಡಂ. ಇದ್ರಾಗ ಬೆಕ್ಕೈತಿ.

ಸುಕನ್ಯಾ ಕೈಗವಸು ಹಾಕಿಕೊಂಡು ಕೆಂಚನನ್ನು ಮೇಜಿನ ಮೇಲಿಟ್ಟಳು. ಯಾವಾಗಿನಿಂದ, ಊಟ ಮಾಡುತ್ತದೆಯೇ, ಏನಾದರೂ ಔಷಧಿ ಕೊಟ್ಟಿದ್ದೀರಾ ಎಂದು ಒಂದೊಂದಾಗಿ ಕೇಳಿದಳು. ಪ್ರಶ್ನೆ ಯಾರಿಗೇ ಇರಲಿ, ಉತ್ತರ ಜಂಬಣ್ಣನಿಂದಲೇ ಬರುತ್ತಿತ್ತು. ಎಲ್ಲಾದರೂ ಪೆಟ್ಟು ಬಿದ್ದಿತ್ತೇ ಎಂದಾಗ ಮಾತ್ರ ಅವನಿಗೆ ಕೆಮ್ಮು ಬಂತು. ನೀಲಗಂಗಮ್ಮ, ನಮ್ಮ ಮನೆಯಲ್ಲಿ ಅದಕ್ಕೆ ಪೆಟ್ಟು ಕೊಡುವವರು ಯಾರಿದ್ದಾರೆ, ಇವರಂತೂ ಅಂಗೈಯಲ್ಲಿಟ್ಟು ಸಾಕುತ್ತಿದ್ದಾರೆ ಎಂದು ಹೆಮ್ಮೆಯಿಂದ ಹೇಳಿ, ಬೆಳಗಿನ ಗುಳಿಗೆಯ ಪುರಾಣವನ್ನೂ ಬಿಚ್ಚಿದಳು.

ಸುಕನ್ಯಾ: ಕೊಟ್ರೇನು ಅದನ್ನ?

ನೀಲಗಂಗಮ್ಮ: ನಾ ಬಿಡ್ಲಿಲ್ಲರಿ.

ಸುಕನ್ಯಾ: ಚಲೋ ಮಾಡಿದ್ರಿ. ನಮ್ಮ ಜ್ವರದ ಗುಳಿಗಿ ಬೆಕ್ಕಿಗೆ ವಿಷ. ಅರ್ಧ ಗುಳಿಗಿ ಸಾಕು ಜೀವ ಹೋಗಾಕ.

ಜಂಬಣ್ಣ ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಮೀಸೆ ಸಮೇತವಾದ ಬಂಗಾರದ ಬೆಕ್ಕು ಅವನ ಕಣ್ಣಮುಂದೆ ಒಂದು ಸುತ್ತು ತಿರುಗಿ ಹೋಯಿತು. ಇಪ್ಪತ್ತೇಳು ವರ್ಷದಲ್ಲಿ ಹೆಂಡತಿಯ ಮಾತು ಕೇಳಿದ್ದಕ್ಕೆ ಇಷ್ಟು ಸಂತೋಷ ಅವನಿಗೆ ಯಾವತ್ತೂ ಆಗಿರಲಿಲ್ಲ.

ಸುಕನ್ಯಾ ಗಾಯದ ಸುತ್ತ ಕೂದಲು ಕತ್ತರಿಸಿ, ಒಳಗೆ ಉಳಿದಿದ್ದ ಕೀವು ಒತ್ತಿ ತೆಗೆದು ತೊಳೆದಳು. ಕೆಂಚ ಒಂದು ಸಲ ಕೂಗಿತು. ಜಂಬಣ್ಣ ಎರಡು ಸಲ ಕೂಗಿದ.

ಸುಕನ್ಯಾ: ಇಲ್ನೋಡ್ರಿ, ಎರಡು ಸಣ್ಣ ತೂತು. ಹಲ್ಲಿನ ಗುರುತು. ಬ್ಯಾರೆ ಗಂಡುಬೆಕ್ಕಿನ ಜೋಡಿ ಜಗಳಾಡೈತಿ. ಮ್ಯಾಲ ಚರ್ಮ ಕೂಡಿಕೊಂಡು ಒಳಗ ಕೀವಾಗೈತಿ. ಬೆಕ್ಕಿನ್ಯಾಗ ಇದು ಮಾಮೂಲಿ.

ಇಷ್ಟಕ್ಕೆ ಜಂಬಣ್ಣ ಕೈಮುಗಿದು ಎದ್ದಿದ್ದರೆ ಅವನ ದಯೆ ಓಣಿಯಲ್ಲಿ ಇನ್ನೂ ಹತ್ತು ವರ್ಷ ಬಾಳುತ್ತಿತ್ತು. ಆದರೆ ಪಾತ್ರೆ ವ್ಯಾಪಾರಿಗೆ ಪಾತ್ರೆಯನ್ನು ನಾಲ್ಕೂ ಕಡೆ ಬಡಿದು ನೋಡದೆ ಸಮಾಧಾನವಿರುವುದಿಲ್ಲ.

ಜಂಬಣ್ಣ: ಅಂದ್ರ ಏನರ ಬಡಿದು ಆಗಿದ್ದಲ್ಲ?

ಸುಕನ್ಯಾ: ಅಲ್ಲ.

ಜಂಬಣ್ಣ: ಭಾರದ್ದು ಬಡಿದ್ರೂ ಹಿಂಗ ಆಗಂಗಿಲ್ಲ?

ಸುಕನ್ಯಾ: ಇದು ಕಚ್ಚಿದ್ದು ಯಜಮಾನ್ರ.

ಜಂಬಣ್ಣ: ಈಗ ಒಂದು ಸ್ಟೀಲಿನ ತಂಬಿಗಿ, ಹಳೇ ಕಾಲದ ದಪ್ಪ ತಗಡಿಂದು ಅಂತಿಟ್ಕಳ್ರಿ. ಹತ್ತು ಅಡಿ ದೂರದಿಂದ ಬಂದು, ಸರಿಯಾಗಿ ಇಲ್ಲೇ ಬಡೀತು ಅಂತಿಟ್ಕಳ್ರಿ.

ಸುಕನ್ಯಾ: ತಂಬಿಗಿಗೆ ಹಲ್ಲು ಇರಂಗಿಲ್ಲರಿ.

ಜಂಬಣ್ಣ: ಶಿವನ ಕಾದ ನೋಡು. ಬಂಗಾರದ ಬೆಕ್ಕು ಮಾಡ್ಸೋದು ತಪ್ತು.

ಹೊರಗೆ ಕುರಿಗಳು ಒದರುತ್ತಿದ್ದವು. ನೀಲಗಂಗಮ್ಮ ಗಂಡನನ್ನು ನೋಡಿದಳು, ಕೆಂಚನ ಕುತ್ತಿಗೆಯನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು. ಅಪ್ಪನ ಮನೆಯ ತಂಬಿಗೆ ಯಾಕೆ ಅಂಗಡಿ ಸೇರಿತು, ಉಶ್ ಎನ್ನುತ್ತಿದ್ದ ಬಾಯಿ ಯಾಕೆ ಜ್ವರ ಐತಿ ಎನ್ನತೊಡಗಿತು, ಎಲ್ಲವೂ ಅವಳಿಗೆ ಒಟ್ಟಿಗೆ ತಿಳಿಯಿತು. ಸುಕನ್ಯಾ ಸೂಜಿ ಮಾಡಿ, ಇನ್ನೆರಡು ದಿನ ಸೂಜಿಗೆ ಕರೆತರಬೇಕು ಎಂದಳು. ದಿನಕ್ಕೆರಡು ಸಲ ಬೆಚ್ಚನೆಯ ಉಪ್ಪುನೀರಿನಲ್ಲಿ ತೊಳೆಯಿರಿ, ಅರಿಷಿಣ ತುಂಬಿ ಗಾಯದ ಬಾಯಿ ಮುಚ್ಚಬೇಡಿ, ಒಳಗಿನಿಂದಲೇ ಮಾಯಬೇಕು, ಕಾಲಿನಿಂದ ಕೆರೆದುಕೊಳ್ಳದಂತೆ ಕುತ್ತಿಗೆಗೆ, ತಲೆಯ ಸುತ್ತ ಬರುವಂತೆ, ಅಗಲವಾದ ಒಂದು ಪಟ್ಟಿ ಕಟ್ಟಿ, ಹಳೆಯ ಎಕ್ಸ್‌ರೇ ಹಾಳೆ ಇದ್ದರೆ ಅದೇ ಸಾಕು ಎಂದಳು. ಗಂಡಹೆಂಡಿರಿಬ್ಬರೂ ಬೇರೆ ಬೇರೆ ಕಡೆ ನೋಡುತ್ತ ತಲೆಯಾಡಿಸಿದರು.

ಸ್ಕೂಟರಿನ ಮೇಲೆ ಮನೆಯವರೆಗೂ ಮಾತಾಡಿದ್ದು ಕೆಂಚ ಒಂದೇ.

ಮನೆಗೆ ಬಂದದ್ದೇ ಜಂಬಣ್ಣ, ಬೈಗುಳ ಬರುವ ಮೊದಲು ಕೆಲಸ ಮಾಡಿ ತೋರಿಸುವುದು ಮೇಲೆಂದು, ಕಪಾಟಿನ ಮೇಲಿದ್ದ ದೊಡ್ಡ ಲಕೋಟೆ ಇಳಿಸಿ, ಎಕ್ಸ್‌ರೇ ಹಾಳೆ ಎಳೆದು, ಕತ್ತರಿ ಹಿಡಿದು ಕುಳಿತ.

ನೀಲಗಂಗಮ್ಮ: ಅದು ಯಾರ್ದಂತ ಗೊತ್ತೈತೇನು?

ಜಂಬಣ್ಣ: ಯಾವ್ದೋ ಎಲುಬು.

ನೀಲಗಂಗಮ್ಮ: ನನ್ನ ಮಣಕಾಲು.

ಜಂಬಣ್ಣ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೂಲೆಯಲ್ಲಿ ಅವಳ ಹೆಸರು, ವಯಸ್ಸು, ಹೋದ ವರ್ಷದ ತಾರೀಖು ಇದ್ದವು.

ಜಂಬಣ್ಣ: ಇದನ್ನ ಯಾವಾಗ ತೆಗೆಸಿದ್ದಿ?

ನೀಲಗಂಗಮ್ಮ: ಮದುವಿ ಸೀಜನ್ನಿನ್ಯಾಗ. ಹರಪನಹಳ್ಳಿ ಎಲುಬಿನ ಡಾಕ್ಟ್ರ ಹತ್ರ ಒಬ್ಬಾಕೀನ ಹೋಗಿದ್ದೆ. ಬಸ್ಸಿನ್ಯಾಗ ಸೀಟು ಸಿಕ್ಕಿರಲಿಲ್ಲ. ನೆಟ್ಟಗ ನಿಂತ್ಕಂಡು ಹೋದೆ, ನೆಟ್ಟಗ ನಿಂತ್ಕಂಡು ಬಂದೆ.

ಜಂಬಣ್ಣ: ನನಗ ಹೇಳ್ಬೇಕಿಲ್ಲೇನು?

ನೀಲಗಂಗಮ್ಮ: ಹೇಳಿದ್ದೆ. ನೀವು ಯಾರದೋ ಕೊಡದ ಮ್ಯಾಲ ಹೆಸರು ಕೊರಿಯಾಕತ್ತಿದ್ರಿ. ಹ್ಞೂ ಅಂದ್ರಿ.

ಜಂಬಣ್ಣ: ತಂಬಿಗಿ ಒಗೆದಿದ್ದು ತಪ್ಪಾತು.

ನೀಲಗಂಗಮ್ಮ: ತಂಬಿಗಿ ಒಗೆದಿದ್ದಕ್ಕ ನನಗ ಸಿಟ್ಟಿಲ್ಲ. ಕೆನಿ ತಿಂದಿದ್ದು ಕಂಡಿದ್ರ ನಾನೂ ಒಗೀತಿದ್ದೆ. ನಾಕು ದಿನ ನೀವು ನೆಲದ ಮ್ಯಾಲ ಕುಂತು ಅದಕ್ಕ ಶಾಖ ಕೊಡಾದು ನೋಡಿ, ಈ ಮನಷ್ಯಾಗ ಇಷ್ಟು ಕರುಳೈತಿ, ನನಗ ಗೊತ್ತ ಇರಲಿಲ್ಲ ಅಂತ ಕಣ್ಣಾಗ ನೀರು ತಂದ್ಕಂಡಿದ್ದೆ. ಅದಕ್ಕ ಸಂಕಟ ಆಗ್ತೈತಿ. ಬೆಕ್ಕು ಸತ್ರ ಬಂಗಾರ ಕೊಡ್ಬೇಕು. ನನ್ನ ಮಣಕಾಲಿಗೆ ಏನೂ ಕೊಡಾದಿಲ್ಲಲ್ಲ.

ಅವಳು ಸುಳ್ಳು ಹೇಳಿದ್ದರೆ ಜಂಬಣ್ಣ ಜಗಳವಾಡಬಹುದಿತ್ತು. ಇಪ್ಪತ್ತೇಳು ವರ್ಷ ಬಜಾರದ ಹೆಂಗಸರ ಕೊಡ, ತಟ್ಟೆಗಳ ಮೇಲೆ ಹೆಸರು ಬರೆದವನಿಗೆ ಹೆಂಡತಿಯ ಹೆಸರಿರುವ ಹಾಳೆಯ ಗುರುತು ಸಿಕ್ಕಿರಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಹಾಳೆಯನ್ನು ಲಕೋಟೆಗೆ ತೂರಿಸಿ ಪಕ್ಕಕ್ಕಿಟ್ಟ. ಕುಕ್ಕರಿನ ಡಬ್ಬಿಯ ರಟ್ಟು ಕತ್ತರಿಸಿ, ದುಂಡಗೆ ಬಗ್ಗಿಸಿ, ಅಂಚಿಗೆ ಹತ್ತಿ ಸುತ್ತಿ ಕೆಂಚನ ಕುತ್ತಿಗೆಗೆ ಕಟ್ಟಿದ. ಕೆಂಚ ಆ ಪಟ್ಟಿಯೊಳಗಿಂದ ಇಬ್ಬರನ್ನೂ ನೋಡಿ, ಎರಡು ಸಲ ಗೋಡೆಗೆ ಹಾಯ್ದು, ಜೋಳದ ಡಬ್ಬಿಯ ಹಿಂದೆ ಹೋಗಿ ಮಲಗಿತು.

ಜಂಬಣ್ಣ ಎದ್ದು ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಕೂಟರಿನ ಕೀಲಿ ತೆಗೆದುಕೊಂಡ.

ನೀಲಗಂಗಮ್ಮ: ಅಂಗಡಿಗೇನು?

ಜಂಬಣ್ಣ: ಅಂಗಡಿ ಇವತ್ತು ತೆಗ್ಯಂಗಿಲ್ಲ. ಬ್ಯಾರೆ ಸೀರಿ ಉಟ್ಕ. ಹರಪನಹಳ್ಳಿಗೆ ಹೋಗಾಣ, ಆ ಎಲುಬಿನ ಡಾಕ್ಟ್ರ ಹತ್ರ. ನಿನ್ನ ಮಣಕಾಲಿಂದು ಏನು ಎತ್ತ ನಾನ ಕುಂತು ಕೇಳ್ತೀನಿ.

ನೀಲಗಂಗಮ್ಮ ಹೊಸ್ತಿಲ ಮೇಲೆ ಕುಳಿತವಳು ಹಾಗೆಯೇ ಕತ್ತೆತ್ತಿ, ಗಂಡನ ಮುಖವನ್ನು ನೋಡಿದಳು.

ನೀಲಗಂಗಮ್ಮ: ಯಾಕ್ರಿ, ನನ್ನ ಮಣಕಾಲಿಗೂ ಏನರ ಒಗೆದಿದ್ರೇನು?