ಕಿರುಚಾಟ ಗ್ಯಾರಂಟಿ

ಓಹಾಯೋ ರಾಜ್ಯದ ವೇಕ್‌ಫರ್ಡ್ ಪಟ್ಟಣದಲ್ಲಿ ಹೆದರಿಸುವುದಕ್ಕೆ ಪರವಾನಗಿ ಬೇಕು. ಹೆದರುವುದಕ್ಕೆ ಸದ್ಯಕ್ಕೆ ಬೇಡ.

ಕೊಳಾಯಿ ರಿಪೇರಿ ಮಾಡುವ ಡೇಲ್ ಕ್ರೇಮರನಿಗೆ ಈ ಸಂಗತಿ ಹತ್ತೊಂಬತ್ತು ವರ್ಷ ಗೊತ್ತೇ ಇರಲಿಲ್ಲ. ದೆವ್ವದ ವೇಷ ಹಾಕುವ ಹ್ಯಾಲೊವೀನ್ ಹಬ್ಬ ಹತ್ತಿರ ಬಂದಂತೆ ಕಾರನ್ನು ಬೀದಿಗೆ ತಳ್ಳಿ, ಗ್ಯಾರೇಜಿಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿ, ಊರವರನ್ನು ಪುಕ್ಕಟೆಯಾಗಿ ಹೆದರಿಸುತ್ತಿದ್ದ. ಹೆಂಡತಿ ಲೋರ್ನಾ ಶವಪೆಟ್ಟಿಗೆಯಲ್ಲಿ ಮಲಗಿದ್ದು, ಜನ ಹತ್ತಿರ ಬಂದಾಗ ದಡಕ್ಕನೆ ಏಳುತ್ತಿದ್ದಳು. ಪಕ್ಕದ ಮನೆಯ ಎಪ್ಪತ್ತೆಂಟರ ಮಿಸೆಸ್ ಪ್ರುಯಿಟ್ ಪ್ರತಿ ವರ್ಷವೂ ಅದೇ ಜಾಗದಲ್ಲಿ, ಅದೇ ಲೋರ್ನಾಳನ್ನು ಕಂಡು, ಬೀದಿ ಕೊನೆಯ ನಾಯಿಗಳೂ ಬೊಗಳುವ ಹಾಗೆ ಕಿರುಚುತ್ತಿದ್ದರು. ಆ ಸದ್ದು ಕಿವಿಗೆ ಬಿದ್ದರೆ ಡೇಲನಿಗೆ ವರ್ಷದ ದಣಿವೆಲ್ಲ ಇಳಿದಂತೆ. ಅದನ್ನು ವಾರಕ್ಕೆ ಆರು ದಿನ ಕೇಳಬೇಕೆಂಬ ಆಸೆಗೆ ಬಿದ್ದು ಅವನು ಕೆಲಸ ಬಿಟ್ಟ, ದೆವ್ವದ ಮನೆ ಮಾಡಲು ಮುಚ್ಚಿಹೋಗಿದ್ದ ಬೌಲಿಂಗ್ ಆಟದ ಕಟ್ಟಡವನ್ನು ಬಾಡಿಗೆಗೆ ಹಿಡಿದ, "ಪ್ರತಿಯೊಬ್ಬರಿಗೂ ಒಂದು ಕಿರುಚಾಟ ಗ್ಯಾರಂಟಿ" ಎಂದು ಬೋರ್ಡು ಬರೆಸಿ ಪುರಸಭೆಗೆ ಅರ್ಜಿ ಹಾಕಿದ.

ತಪಾಸಣಾಧಿಕಾರಿ ಹ್ಯಾಫ್ನರ್ ಸಜ್ಜನರು. ಟೇಪು ಹಿಡಿದು ಬಂದವರೇ ಶವಪೆಟ್ಟಿಗೆ ಅಳೆದರು.

"ಇದ್ರಲ್ಲಿ ಮನುಷ್ಯರು ಮಲಗ್ತಾರಾ?"

"ನನ್ನ ಹೆಂಡ್ತಿ ಮಲಗ್ತಾಳೆ ಸಾರ್. ಹೆಣವಾಗಿ."

"ಹೆಣಾನೋ ಏನೋ, ಅದು ನಮ್ಮ ಇಲಾಖೆ ಅಲ್ಲ. ಮಲಗೋ ಜಾಗ ಅಂದ್ರೆ ಬೆಡ್‌ರೂಮು. ಬೆಡ್‌ರೂಮಿಗೆ ಕಿಟಕಿ ಬೇಕು, ಹೊಗೆ ಬಂದ್ರೆ ಕೂಗೋ ಅಲಾರಾಂ ಬೇಕು."

ಶವಪೆಟ್ಟಿಗೆಗೆ ಕಿಟಕಿ ಬಂತು. ಲೋರ್ನಾ ಅದಕ್ಕೆ ಹೂವಿನ ಪರದೆ ಹಾಕಿದಳು. "ಅಡುಗೆಮನೆಗೊಂದು ಕಿಟಕಿ ಇಡ್ಸು ಅಂತ ಇಪ್ಪತ್ತು ವರ್ಷ ಬಡ್ಕೊಂಡೆ," ಎಂದಳು. "ಸತ್ತ ಮೇಲೆ ಸಿಕ್ತು ನೋಡು."

ಮಬ್ಬು ಬೆಳಕಲ್ಲಿ ದುಡಿಯುವ ಸಿಬ್ಬಂದಿ ಹೊಳೆಯುವ ಪಟ್ಟಿಯ ಜಾಕೆಟ್ಟು ಧರಿಸತಕ್ಕದ್ದೆಂದು ನಿಯಮವಿತ್ತು. ದೆವ್ವಗಳೂ ಸಿಬ್ಬಂದಿಯೇ ಆದ್ದರಿಂದ ಧರಿಸಿದವು.

ಉದ್ಘಾಟನೆಯ ದಿನ ಮೊದಲು ಬಂದವರು ಮಿಸೆಸ್ ಪ್ರುಯಿಟ್. ಕಿರುಚುವುದಕ್ಕೆಂದೇ ಬೆಳಗ್ಗಿನಿಂದ ಬಿಸಿ ಚಹಾ ಕುಡಿದು ಗಂಟಲು ಸರಿಮಾಡಿಕೊಂಡಿದ್ದರು. ಅವರು ಪೆಟ್ಟಿಗೆಯ ಹತ್ತಿರ ಬರುತ್ತಲೇ ನಿಯಮದಂತೆ ಧ್ವನಿವರ್ಧಕ ಮೊಳಗಿತು:

"ಸಾರ್ವಜನಿಕರ ಗಮನಕ್ಕೆ. ಇನ್ನು ಮೂರು ಹೆಜ್ಜೆಗಳಲ್ಲಿ ಮೃತ ಮಹಿಳೆಯೊಬ್ಬರು ಏಳಲಿದ್ದಾರೆ. ಗಾಬರಿಯಾಗಲು ಇಚ್ಛಿಸದವರು ಎಡಕ್ಕೆ ಸರಿಯತಕ್ಕದ್ದು."

ಲೋರ್ನಾ ಎದ್ದಳು. ಜಾಕೆಟ್ಟು ಮಿನುಗಿತು.

"ಲೋರ್ನಾ, ಪರದೆ ಎಷ್ಟು ಚೆನ್ನಾಗಿದೆ ಕಣೆ!" ಎಂದರು ಮಿಸೆಸ್ ಪ್ರುಯಿಟ್. "ಎಲ್ಲಿ ತಗೊಂಡೆ?"

ಗೋಡೆಯ ಹಿಂದೆ ಕಿವಿಗೊಟ್ಟು ನಿಂತಿದ್ದ ಡೇಲನಿಗೆ ಅಳುವೇ ಬಂತು.

ಎರಡು ವಾರ ಯಾರೂ ಕಿರುಚಲಿಲ್ಲ. ಹದಿನೈದನೆಯ ದಿನ ಹ್ಯಾಫ್ನರ್ ಮತ್ತೆ ಬಂದರು.

"ಮಿಸ್ಟರ್ ಕ್ರೇಮರ್, ಬೋರ್ಡಲ್ಲಿ ಕಿರುಚಾಟ ಅಂತಿದೆ. ಜನ ನಗ್ತಾ ಹೊರಗೆ ಬರ್ತಿದ್ದಾರೆ. ಹೇಳಿದ್ದು ಕೊಡದಿದ್ರೆ ಬಾಗಿಲು ಮುಚ್ಚಿಸಬೇಕಾಗುತ್ತೆ."

"ಬೋರ್ಡು ಕಿತ್ತಾಕ್ತೀನಿ ಬಿಡಿ!"

"ಮಂಜೂರಾದ ಬೋರ್ಡು ಅದು. ಕೀಳೋಕೆ ಬೇರೆ ಅರ್ಜಿ. ಅದರ ಸಭೆ ಏಪ್ರಿಲ್‌ನಲ್ಲಿ."

"ಜನ ಹೆದರೋ ಹಾಗೆ ಲೈಟಾದ್ರೂ ಆರಿಸ್ಲಾ?"

"ಅದು ಅಪರಾಧ."

ಡೇಲ್ ಕಿರುಚಿದ. ತಲೆಕೂದಲು ಕಿತ್ತುಕೊಂಡು, ಉಸಿರು ಕಟ್ಟುವವರೆಗೂ ಕಿರುಚಿದ. ಹ್ಯಾಫ್ನರ್ ಗಡಿಯಾರ ನೋಡಿ ಏನೋ ಗುರುತು ಹಾಕಿಕೊಂಡರು.

"ಧಾರಾಳವಾಯ್ತು," ಎಂದರು. "ಗಿರಾಕಿ ಕೈಲಾಗದಿದ್ರೆ ಅವರ ಪರವಾಗಿ ಮಾಲೀಕರು ಕಿರುಚಬಹುದು. ನಿಯಮದಲ್ಲಿ ಅವಕಾಶ ಇದೆ."

ಈಗ ವೇಕ್‌ಫರ್ಡಿನ ದೆವ್ವದ ಮನೆ ವಾರಕ್ಕೆ ಆರು ದಿನ ತೆರೆದಿರುತ್ತದೆ. ಹೊರಬಾಗಿಲ ಬಳಿ ಜನ ಶಿಸ್ತಾಗಿ ಸಾಲು ನಿಲ್ಲುತ್ತಾರೆ. ಜಾಕೆಟ್ಟು ತೊಟ್ಟ ಡೇಲ್ ತಲೆಗೊಂದರಂತೆ ಕಿರುಚಿ, ಕಿರುಚಾಟ ಮುಟ್ಟಿದೆಯೆಂದು ಸಹಿ ಪಡೆಯುತ್ತಾನೆ. ಮಿಸೆಸ್ ಪ್ರುಯಿಟ್ ವಾರ ತಪ್ಪಿಸುವುದಿಲ್ಲ.

"ಗಂಟಲಿಂದ ಬರ್ತಿದೆ ಮಗಾ," ಎಂದರು ಮೊನ್ನೆ, ಪೆನ್ನು ಕೆಳಗಿಟ್ಟು. "ಹೊಟ್ಟೆಯಿಂದ ತೆಗಿ. ನಾನು ಹಾಗೇ ಮಾಡ್ತಿದ್ದೆ."

ಡೇಲ್ ಹೊಟ್ಟೆಯಿಂದ ತೆಗೆದ. ಬೀದಿ ಕೊನೆಯ ನಾಯಿಗಳು ಬೊಗಳಿದವು. ಮಿಸೆಸ್ ಪ್ರುಯಿಟ್ ಸಹಿ ಹಾಕಿದರು.