ಗುಡುಸಾಬನ ಗ್ಯಾಸ್ ಪಿಸ್ತೂಲು, ಹರ್ತಿಯ ಸುರಕುಂಬಾ

"ಇನ್ನ ಮ್ಯಾಲೆ ಲಕ್ಷ್ಮೇಶ್ವರದ ಮಂಗ್ಯಾಗೋಳು ತಮ್ಮ ಮರಿ ಮಲಗಸಬೇಕಾದ್ರ ನನ್ನ ಹೆಸರ ಹೇಳಿ ಹೆದರಿಸಿ ಮಲಗಸಬೇಕು. ಹಂಗ ಮಾಡಲಿಲ್ಲಂದ್ರ ನಾ ಗುಡುಸಾಬನ ಅಲ್ಲ!"

ಈ ಘೋರ ಪ್ರತಿಜ್ಞೆ ನಡೆದದ್ದು ಎಂಬತ್ತರ ದಶಕದ ನಡುವಿನ ಒಂದು ರಮಜಾನ್ ತಿಂಗಳಲ್ಲಿ, ಗುಡುಸಾಬನ ಸ್ವಂತ ಅಡುಗೆಮನೆಯ ಹೊಸ್ತಿಲ ಮೇಲೆ. ಕೇಳಿಸಿಕೊಂಡವಳು ಹೆಂಡತಿ ಹಾಜಿರಾಬಿ ಒಬ್ಬಳೇ.

"ಮಂಗ್ಯಾನ ಮಾತ ಆಮ್ಯಾಲೆ. ಊರ ಮಂದಿ ಸ್ಟೋವೆಲ್ಲ ರಿಪೇರಿ ಮಾಡ್ತೀರಿ, ನಮ್ಮ ಸ್ಟೋವ್ ನೋಡಿದ್ರ ಉಗಿಬಂಡಿಗತೆ ಹೊಗಿ ಬಿಡತೈತಿ. ಮೊದ್ಲ ಅದನ್ನ ನೋಡ್ರಿ!"

ಗುಡುಸಾಬ ಬಜಾರಿನಲ್ಲಿ ಪೆಟ್ರೋಮ್ಯಾಕ್ಸು, ಸ್ಟೋವು ರಿಪೇರಿ ಮಾಡುವವನು. ಕರೆಂಟು ಎಂಬುದು ಮುನಿಸಿಕೊಂಡ ಅಳಿಯನ ಹಾಗೆ ಮನಸ್ಸು ಬಂದಾಗ ಬಂದು, ಹೇಳದೆ ಕೇಳದೆ ಎದ್ದು ಹೋಗುತ್ತಿದ್ದ ಕಾಲವದು. ಮದುವೆಯ ಮೆರವಣಿಗೆಯಿರಲಿ, ಬಯಲಾಟವಿರಲಿ, ಪೆಟ್ರೋಮ್ಯಾಕ್ಸು ಮುಂದೆ, ಜನ ಹಿಂದೆ. ಗುಡುಸಾಬ ಒಮ್ಮೆ ಊದಿದರೆ ಸತ್ತ ಪೆಟ್ರೋಮ್ಯಾಕ್ಸು ಎದ್ದು ಕುಳಿತು ಸಲಾಮು ಹೊಡೆಯುತ್ತದೆಂದು ಊರೆಲ್ಲ ಹೇಳುತ್ತಿತ್ತು. ಹಾಗೆ ಹೇಳುವ ಊರಲ್ಲಿ ಮುಕ್ಕಾಲು ಪಾಲು ಗುಡುಸಾಬನೇ ಇದ್ದ ಎಂಬುದು ಬೇರೆ ಮಾತು.

ಮಂಗಗಳ ಮೇಲೆ ಯುದ್ಧ ಸಾರಲು ಕಾರಣವಿತ್ತು. ಮಗಳು ಅಲ್ಮಾಸಬಿಯನ್ನು ಹಿಂದಿನ ವರ್ಷವಷ್ಟೇ ಹರ್ತಿಯ ಕರೀಮಸಾಬರ ಮನೆಗೆ ಕೊಟ್ಟಿದ್ದರು. ಮದುವೆಯಾದ ಮೇಲಿನ ಮೊದಲ ರಮಜಾನಿಗೆ ಸುರಕುಂಬಾ ಎಂಬ ಹಬ್ಬದ ಹಾಲುಪಾಯಸದ ಸಾಮಾನೆಲ್ಲ ತವರಿನಿಂದಲೇ ಹೋಗಬೇಕು. ಶಾವಿಗೆ, ಸಕ್ಕರೆ, ಉತ್ತತ್ತಿ, ಕೊಬ್ಬರಿ, ಮೆಣಸಿನ ಕಾಳಿನಷ್ಟೇ ಇರುವ ಚಾರೋಳಿ ಬೀಜ ಯಾವುದೂ ಕಡಿಮೆ ಬೀಳಬಾರದು. ಬಿದ್ದರೆ? ಬೀಗರಾದ ಕರೀಮಸಾಬರು ಸಾಮಾನ್ಯ ಮನುಷ್ಯರಲ್ಲ. ಮದುವೆಯ ದಿನ ಕೊಟ್ಟ ಎಲೆಯಲ್ಲಿ ಸುಣ್ಣ ಹೆಚ್ಚಾಗಿತ್ತೆಂದು ವರ್ಷವಾಗುತ್ತ ಬಂದರೂ ಕಂಡಕಂಡವರಿಗೆ ನಾಲಿಗೆ ಚಾಚಿ ತೋರಿಸುತ್ತಿದ್ದವರು! ಅಂಥವರ ಮನೆಗೆ ಹೋಗಬೇಕಾದ ಶಾವಿಗೆ ಮಾಳಿಗೆಯ ಮೇಲೆ ಒಣಗುತ್ತಿದ್ದರೆ, ಮಂಗಗಳು ಅದನ್ನು ಜನಿವಾರದ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದವು.

"ಶಾವಿಗಿ ಕಡಿಮಿ ಬಿತ್ತಂದ್ರ ಆ ಮನ್ಯಾಗ ನನ್ನ ಮಗಳು ತಲಿ ಎತ್ತಿ ತಿರಗಾಂಗಿಲ್ಲ," ಎಂದು ಹಾಜಿರಾಬಿ ಕಣ್ಣೊರೆಸಿಕೊಂಡಿದ್ದಳು.

ಆಗಲೇ ಅಡತಿ ಅಂಗಡಿಯ ಉಳವಪ್ಪ ಸಾವಕಾರ ಒಂದು ಪಿಸ್ತೂಲು ರಿಪೇರಿಗೆ ತಂದುಕೊಟ್ಟಿದ್ದ. ಅವನ ಕಾಕಾ ಮೂವತ್ತು ವರ್ಷದ ಹಿಂದೆ ಮುಂಬಯಿಯಲ್ಲಿ ಯಾವನೋ ಹಡಗಿನ ಕಪ್ತಾನನಿಂದ ಕೊಂಡದ್ದಂತೆ.

"ಇದಕ್ಕ ಮದ್ದ ಬೇಕಾಗಿಲ್ಲೋ ಗುಡುಸಾಬ. ಹಿಡಿಕಿಯೊಳಗ ಈ ಎರಡು ಗ್ಯಾಸಿನ ಬುಡ್ಡಿಯೊಳಗ ಒಂದ ಇಟ್ಟು, ಬುಡದಾಗಿನ ತಿರುಪು ಬಿಗಿ ಮಾಡಿ, ಕುದುರಿ ಎಳದ್ರ ಗುಂಡು ಹಾರತೈತಿ. ಈಗ ಬರೇ ಫುಸ್ ಅಂತೈತಿ."

"ಫುಸ್ ಅನ್ನೋದನ್ನ ಢಂ ಅನಸೋದ ನನ್ನ ಕಸಬರಿ ಸಾವಕಾರ್ರ!"

"ಆತು. ಸರಿ ಆದ್ರ ಹಬ್ಬ ಮುಗಿಯೋತನಕ ನಿನ್ನ ಹಂತ್ಯಾಕ ಇರಲಿ."

ಹಾಜಿರಾಬಿ ಪಿಸ್ತೂಲು ಕಂಡು ಕೆಂಡವಾದಳು. "ಮಂಗ್ಯಾಕ್ಕ ಗುಂಡ ಬಡದ್ರ ಹನಮಪ್ಪನ ಗುಡಿ ಮಂದಿ ನಿಮಗ ಬಡೀತಾರ!"

"ಏ, ಮಂಗ್ಯಾಕ್ಕ ಯಾಕ ಹೊಡೀಲಿ? ಬಾಜೂಕಿನ ತಗಡಿಗೆ ಹೊಡೀತೇನಿ. ಠಣ್ ಅಂದ್ರ ಸಾಕು, ಶಿರಹಟ್ಟಿ ದಾಟೋತನಕಾ ಹಿಂದ ತಿರುಗಿ ನೋಡಾಂಗಿಲ್ಲ."

ಹಬ್ಬಕ್ಕೆ ಎರಡು ದಿನವಿದ್ದಾಗ ಹಾಜಿರಾಬಿ ಹರ್ತಿಯ ಸಾಮಾನನ್ನೆಲ್ಲ ತಾಟುಗಳಲ್ಲಿ ಹಸನು ಮಾಡಿಟ್ಟು ನೀರಿಗೆ ಹೋದಳು. ಬೆಳಕಿಂಡಿಯ ಬಿಸಿಲು ಸರಿಯಾಗಿ ಬೀಳುವುದು ಅಡುಗೆಮನೆಯಲ್ಲೇ. ಗುಡುಸಾಬ ಎಂದಿನಂತೆ ಅಲ್ಲೇ ಚಾಪೆ ಹಾಸಿ ಶಸ್ತ್ರಚಿಕಿತ್ಸೆಗೆ ಕುಳಿತ. ತಿರುಪುಗಳು ಚಹಾದ ಬಸಿಗೆ ಹೋದವು, ಪಿಸ್ತೂಲಿನ ಕುದುರೆ ಉಪ್ಪಿನ ಗಡಿಗೆಯ ಮುಚ್ಚಳಕ್ಕೆ, ಡಬ್ಬಿಯಲ್ಲಿದ್ದ ತಾಮ್ರದ ಬಣ್ಣದ ಸಣ್ಣ ಉಕ್ಕಿನ ಗುಂಡುಗಳು ಚಾರೋಳಿಯ ತಾಟಿನ ಮಗ್ಗುಲಿಗೆ. ಒಳಗಿನ ರಬ್ಬರು ವಾಸರು ಮುಟ್ಟಿದ್ದೇ ತಡ ಹಪ್ಪಳದಂತೆ ಪುಡಿಯಾಯಿತು. ಪೆಟ್ರೋಮ್ಯಾಕ್ಸಿನ ಪಂಪಿನ ತೊಗಲು ಕತ್ತರಿಸಿ, ಎಣ್ಣೆ ಹಚ್ಚಿ, ಅದರ ಜಾಗಕ್ಕೆ ಕೂರಿಸಿದ. ಎಲ್ಲ ಜೋಡಿಸಿದ ಮೇಲೆ ಒಂದು ಸ್ಪ್ರಿಂಗು ಉಳಿಯಿತು.

"ಗೋರಾ ಮಂದಿ ಸುಮ್ಮಸುಮ್ಮನ ಹೆಚ್ಚಿಗಿ ಸಾಮಾನ ತುಂಬತಾರ," ಎಂದು ಅದನ್ನು ಕಿಸೆಗೆ ಹಾಕಿಕೊಂಡ.

ಬುಡ್ಡಿ ಇಟ್ಟು ತಿರುಪು ಬಿಗಿದ. ಸದ್ದಿಲ್ಲ. ಇನ್ನೊಂದು ಸುತ್ತು ಬಿಗಿದ.

ಲಕ್ಷ್ಮೇಶ್ವರದ ಇತಿಹಾಸದಲ್ಲಿ ಹಿಮ ಬಿದ್ದದ್ದು ಅದೊಂದೇ ಸಲ, ಅದೂ ಗುಡುಸಾಬನ ಅಡುಗೆಮನೆಯಲ್ಲಿ! ಹಿಡಿಕೆಯ ಸಂದಿನಿಂದ ಬುಸ್ಸೆಂದು ಬಿಳಿಹೊಗೆ ನುಗ್ಗಿತು. ಕೈ ಐಸಿನ ಗಡ್ಡೆಯಾಯಿತು. ಚಷ್ಮಾದ ಮೇಲೆ ಬೆಳ್ಳಗೆ ಮಂಜು ಕಟ್ಟಿತು. ಬುಡ್ಡಿ ಹಿಡಿಕೆಯಿಂದ ಹಾರಿ ಬೆಳಕಿಂಡಿಯಲ್ಲಿ ತೂರಿ ಆಕಾಶದ ಪಾಲಾಯಿತು. ಈಗಲೂ ಚಂದ್ರನ ಸುತ್ತ ಎಲ್ಲೋ ತಿರುಗುತ್ತಿರಬೇಕು. ಗುಡುಸಾಬ ಕುಳಿತಲ್ಲಿಂದಲೇ ನೆಗೆದ ರಭಸಕ್ಕೆ ತಾಟುಗಳು ಮಗುಚಿ, ಕಂದು ಚಾರೋಳಿ, ಕಂದು ಗುಂಡು ಎರಡೂ ಅಣ್ಣತಮ್ಮಂದಿರಂತೆ ತಬ್ಬಿಕೊಂಡು ನೆಲವೆಲ್ಲ ಉರುಳಾಡಿದವು.

ಬಾಗಿಲಲ್ಲಿ ಕೊಡ ಇಳಿಸಿದ ಸದ್ದು. ಗುಡುಸಾಬ ಕುರುಡುಗಣ್ಣಿನಲ್ಲೇ ಎರಡೂ ಕೈಯಿಂದ ಬಳಿದು, ಅರ್ಧ ಚಾರೋಳಿಯ ಪೊಟ್ಟಣಕ್ಕೆ, ಅರ್ಧ ಗುಂಡಿನ ಡಬ್ಬಿಗೆ ತುಂಬಿದ.

"ಏನರೀ ಅದು ಸಪ್ಪಳ?"

"ಬೆಕ್ಕು."

"ಬೆಕ್ಕಿಗೆ ಹೊಗಿ ಬರತೈತೇನ್ರಿ?"

ಮರುದಿನ ಹಾಜಿರಾಬಿಯ ತಮ್ಮ ಇಸಾಕ ಬುಟ್ಟಿ ಹೊತ್ತು ಹರ್ತಿಯ ಬಸ್ಸು ಹತ್ತಿದ. ಮಂಗಗಳು ಬಿಟ್ಟಷ್ಟು ಶಾವಿಗೆಯನ್ನೆಲ್ಲ ಮಗಳಿಗೇ ಕಳಿಸಿ, ತಮ್ಮ ಹಬ್ಬಕ್ಕೆಂದು ನೆರೆಮನೆಯಿಂದ ತಂದದ್ದನ್ನು ಮತ್ತೆ ಮಾಳಿಗೆಗೆ ಹರವಿದ್ದಾಯಿತು. ಉಳಿದ ಸ್ಪ್ರಿಂಗಿಗೂ ಅದರ ಜಾಗ ಸಿಕ್ಕಿತು, ಹಿಡಿಕೆಗೆ ಇನ್ನೊಂದು ಬುಡ್ಡಿಯೂ ಬಂತು. ಹಬ್ಬದ ಮುಂಜಾನೆ ನಮಾಜು ಮುಗಿಸಿ, ಹೊಸ ಜುಬ್ಬಾದಲ್ಲಿ ಅತ್ತರು ಘಮಘಮಿಸುತ್ತ ಗುಡುಸಾಬ ಮಾಳಿಗೆ ಏರಿದ. ಮಂಗಗಳು ಆಗಲೇ ಪಂಕ್ತಿಗೆ ಕುಳಿತಿದ್ದವು.

ಮೊದಲ ಗುಂಡು. ತಗಡು "ಠಣ್!" ಎಂದಿತು. ಮಂಗಗಳು ಚದುರಿದವು. "ನೋಡಽ ಹಾಜಿರಾ, ನೋಡ ಇಲ್ಲೆ!"

ಎರಡನೆಯದು "ಫುಸ್" ಎಂದಿತು. ಏನೋ ಕಂದು ಕಾಳು ಮೆತ್ತಗೆ ಹಾರಿ ಹಿರಿಮಂಗದ ಮುಂದೆ ಬಿತ್ತು. ಮಂಗ ಮೂಸಿತು, ಬಾಯಿಗೆ ಹಾಕಿತು, ಕಣ್ಣು ಮುಚ್ಚಿ ಜಗಿಯಿತು. ಆಮೇಲೆ ಬಳಗವನ್ನೆಲ್ಲ ಕೂಗಿ ಕರೆದು, ಗುಡುಸಾಬನ ಮುಂದೆ ಬಂದು ಕೈ ಚಾಚಿತು!

ಗುಡುಸಾಬ ಡಬ್ಬಿ ಬಿಚ್ಚಿ ಬೆರಳಾಡಿಸಿದ. ಅರ್ಧಕ್ಕರ್ಧ ಚಾರೋಳಿ. ಹಾಗಾದರೆ ಉಳಿದ ಗುಂಡು? ಕರೀಮಸಾಬರ ಹಲ್ಲುಗಳು ಒಂದೊಂದಾಗಿ ಕಣ್ಣ ಮುಂದೆ ಉದುರತೊಡಗಿದವು. ನಾಲಿಗೆಗೆ ಸುಣ್ಣ ತಗುಲಿದ್ದಕ್ಕೇ ವರ್ಷದ ಪುರಾಣ. ಇನ್ನು ಹಲ್ಲು ಹೋದರೆ ಮಗಳ ಗತಿ?

ಸೈಕಲ್ಲು ಹತ್ತಿದವನು ಹರ್ತಿ ಮುಟ್ಟುವತನಕ ನೆಲಕ್ಕೆ ಗಾಲಿ ತಾಗಿಸಲಿಲ್ಲ. ಒಳಗೆ ನುಗ್ಗಿದರೆ ಕರೀಮಸಾಬರು ಬಟ್ಟಲು ತುಟಿಗೇರಿಸುತ್ತಿದ್ದಾರೆ!

"ನಿಂದರ್ರಿ ಬೀಗರ!"

"ಯಾಕ್ರಿ? ಕಳಿಸಿದವರೂ ನೀವ, ತಿನಬ್ಯಾಡ ಅನ್ನವರೂ ನೀವ?"

"ಹಂಗಲ್ಲರಿ... ನಮ್ಮ ಮನೆತನದಾಗ ಒಂದ ಪದ್ಧತಿ ಐತಿ. ಮೊದ್ಲ ಹಬ್ಬದ ಮೊದ್ಲ ಬಟ್ಟಲ ಹುಡುಗಿ ತಂದಿ ಕುಡೀಬೇಕು."

ಕುಡಿದ. ಒಂದೊಂದು ಚಾರೋಳಿಯನ್ನೂ ಹಾಲುಹಲ್ಲಿನ ಕೂಸಿನಂತೆ ಒಸಡಿನಲ್ಲೇ ಒತ್ತಿ ನೋಡಿದ. ಗುಂಡಿಲ್ಲ. ಅಷ್ಟರಲ್ಲಿ ಅಳಿಯ ತನ್ನ ಬಟ್ಟಲಿಗೆ ಕೈ ಹಾಕಿದ.

"ಅದೂ ಪದ್ಧತಿಯೊಳಗ ಬರತೈತಿ!" ಎಂದು ಅದನ್ನೂ ಕಸಿದುಕೊಂಡ. ಬೀಗಿತಿಯದಾಯಿತು, ಹಬ್ಬಕ್ಕೆ ಬಂದ ನೆಂಟರದಾಯಿತು, ಕಡೆಗೆ ಪಾತೇಲಿಯೂ ಬರಿದಾಯಿತು. ಹಲ್ಲಿಗೆ ಒಂದು ಗುಂಡೂ ಸಿಗಲಿಲ್ಲ.

ಕರೀಮಸಾಬರು ಗಡ್ಡ ನೀವಿಕೊಂಡು ಮೆಲ್ಲಗೆ ಕೇಳಿದರು: "ಬೀಗರ, ಬೇಜಾರ ಆಗಬ್ಯಾಡ್ರಿ. ಉಪವಾಸ ನಿನ್ನೆನ ಮುಗದಾವು ಅನ್ನೂ ಖಬರ ನಿಮಗ ಇಲ್ಲೇನ್ರಿ?"

ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಗುಡುಸಾಬ ಅಡುಗೆಮನೆಗೆ ಹೋದ. ಅಲ್ಮಾಸಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕೈಯಲ್ಲೊಂದು ಕರಿಯ ಅಯಸ್ಕಾಂತ, ಅದರ ತುಂಬ ಗೊಂಜಾಳದ ತೆನೆಯಂತೆ ಅಂಟಿಕೊಂಡ ಗುಂಡುಗಳು.

"ಮೊದ್ಲ ಯಾಕ ಹೇಳಲಿಲ್ಲವಾ, ತಾಯಿ?"

"ಮಾವಾರ ಎದರ ನಿಮ್ಮ ಮರ್ಯಾದಿ ಹೆಂಗ ತಗೀಲಿ, ಅಬ್ಬಾ?"

"ಇದನ್ನ ಎಲ್ಲಿಂದ ತಂದಿ?"

"ಮದವ್ಯಾಗ ಅಮ್ಮ ಬಂಗಾರದ ಸರದ ಜೋಡಿ ಇದನ್ನೂ ಗಂಟಿನ್ಯಾಗ ಕಟ್ಟಿ ಕೊಟ್ಟಾಳ. 'ಸರ ಹಾಕ್ಕೊಳ್ಳದಿದ್ರೂ ನಡೀತೈತಿ ಮಗಳ. ನಮ್ಮ ಮನಿಯಿಂದ ಏನ ತಿನ್ನೂದ ಬಂದ್ರೂ, ಇದನ್ನ ಆಡಸಲಾರದ ಒಲಿ ಮ್ಯಾಲ ಇಡಬ್ಯಾಡ' ಅಂದಾಳ!"