ಗುಡುಗು ಗಿಲ್ಬರ್ಟನ ಕೊನೆಯ ಸಂಚಿಕೆ

ಗುಡುಗು ಗಿಲ್ಬರ್ಟ್ ಕುದಿಯುವ ಕಸ್ಟರ್ಡ್ ಕಡಾಯಿಯ ಮೇಲೆ ತಲೆಕೆಳಗಾಗಿ ನೇತಾಡತೊಡಗಿ ಐವತ್ತೆಂಟು ವರ್ಷವಾಗಿತ್ತು. "ಮುಂದಿನ ವಾರ ನೋಡಿ" ಎಂದು ಹೇಳಿ ಆ ಮಕ್ಕಳ ಚಿತ್ರಕಥೆಯ ಪತ್ರಿಕೆಯೇ ನಿಂತುಹೋಗಿತ್ತು. ಅಮೆರಿಕದ ವೀರರು ಮುಗಿಲೆತ್ತರಕ್ಕೆ ಹಾರುತ್ತಿದ್ದ ಕಾಲದಲ್ಲಿ, ಚಹಾ ಕುಡಿಯದೆ ಒಂದಡಿಯೂ ಹಾರದ ಈ ಸ್ವದೇಶಿ ವೀರನೇ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಕ್ಲೈವ್ ರಾಮ್ಸ್‌ಡೆನ್‌ನ ಆರಾಧ್ಯದೈವ. ಅವನು ಹೇಗೆ ಪಾರಾದ? ಬಸ್ಸು ಓಡಿಸಿ ನಿವೃತ್ತನಾದರೂ ಕ್ಲೈವನಿಗೆ ಅದೊಂದೇ ಕೊರಗು.

ಆ ಶನಿವಾರ ಊರಿನ ಗ್ರಂಥಾಲಯಕ್ಕೆ ಗಿಲ್ಬರ್ಟನ ಚಿತ್ರ ಬರೆದಿದ್ದ ಪಿಲ್ಲಿಂಗ್ ಬರುವವರಿದ್ದರು. ಬೆಳಿಗ್ಗೆಯೇ ಪಕ್ಕದ ಮನೆಯ ಡೋರೀನ್ ಬಚ್ಚಲಿನ ಪರದೆ ಹಿಡಿದು ಬಂದಳು.

"ಎಲ್ರೂ ವೇಷ ಹಾಕ್ಕೊಂಡೇ ಬರ್ತಾರಂತೆ. ಗಿಲ್ಬರ್ಟನ ಥರ ಹೆಗಲಿಗೆ ಕಟ್ಕೋ."

"ಇದ್ರಲ್ಲಿ ಬಾತುಕೋಳಿ ಇದಾವಲ್ಲೇ!"

"ಬೆನ್ನಮೇಲೆ ತಾನೇ? ನಿನಗೆಲ್ಲಿ ಕಾಣತ್ತೆ!"

ಇಬ್ಬರೂ ಗ್ರಂಥಾಲಯಕ್ಕೆ ಹೋಗಿ ನೋಡಿದರೆ, ವೇಷ ಹಾಕಿದ್ದವನು ಕ್ಲೈವನೊಬ್ಬನೇ. ನಾಚಿಕೆಯಿಂದ ತಲೆ ತಗ್ಗಿಸಿ ಕಣ್ಣಿಗೆ ಬಿದ್ದ ಉದ್ದದ ಸಾಲಿಗೆ ಸೇರಿಕೊಂಡ. ಅದು ಫ್ಲೂ ಚುಚ್ಚುಮದ್ದಿನ ಸಾಲು ಎಂದು ತಿಳಿಯುವಷ್ಟರಲ್ಲಿ ಹಿಂದೆ ಹನ್ನೆರಡು ಜನ. ನಮ್ಮಲ್ಲಿ ಸಾಲಿಗೆ ನಿಂತವನು ನಡುವೆ ಬಿಟ್ಟುಹೋಗುವುದೆಂದರೆ ಚರ್ಚಿನಲ್ಲಿ ಸಿಳ್ಳೆ ಹೊಡೆದಂತೆ. ಕ್ಲೈವ್ ತೆಪ್ಪಗೆ ತೋಳು ಕೊಟ್ಟು ಚುಚ್ಚಿಸಿಕೊಂಡು, ನರ್ಸಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದ.

"ಸೂಜಿ ಅಂದ್ರೆ ಓಡೋನು, ಇವತ್ತೇನಪ್ಪಾ ಧೈರ್ಯ!" ಎಂದು ನಗುತ್ತ ಡೋರೀನ್ ಚಹಾದ ಮೇಜಿನ ಕಡೆ ಹೋದಳು.

ಅಂತೂ ಪಿಲ್ಲಿಂಗರ ಮುಂದೆ ನಿಂತು, ಪ್ರಾಣದಂತೆ ಕಾಪಾಡಿದ್ದ ಕೊನೆಯ ಸಂಚಿಕೆಯನ್ನು ಇಟ್ಟ. "ಸಾರ್, ಗಿಲ್ಬರ್ಟ್ ಹೇಗೆ ಪಾರಾದ?"

"ಪಾರಾಗ್ಲೇ ಇಲ್ಲ ಕಣಯ್ಯಾ!" ಮುದುಕರು ಮೇಜು ಗುದ್ದಿದರು. "ಹಬೆಗೆ ಹಗ್ಗದ ಗಂಟು ಸಡಿಲ ಆಗತ್ತೆ ಅಂತ ಕತೆ ರೆಡಿ ಇತ್ತು. ಅಷ್ಟರಲ್ಲಿ ಒಬ್ಬ ಹತ್ತು ವರ್ಷದ ಪೋರ ಕಾಗದ ಬರೆದ. 'ಹಬೆಗೆ ಗಂಟು ಬಿಚ್ಕೊಳ್ತು ಅಂತ ಮಾತ್ರ ಬರೀಬೇಡಿ. ಅಮ್ಮನ ಅಡುಗೆಮನೇಲಿ ಪರೀಕ್ಷೆ ಮಾಡಿದೀನಿ, ಇನ್ನೂ ಬಿಗಿಯಾಗತ್ತೆ' ಅಂತ! ಸಂಪಾದಕ ಮೂರು ದಿನ ತಲೆ ಕೆರ್ಕೊಂಡ. ಬೇರೆ ಉಪಾಯ ಹೊಳೀಲಿಲ್ಲ. ಪತ್ರಿಕೆಗೇ ಬಾಗಿಲು ಹಾಕ್ದ. ನಾನು ಆಮೇಲೆ ನಲವತ್ತು ವರ್ಷ ಬಿಸ್ಕತ್ತಿನ ಡಬ್ಬಿ ಮೇಲೆ ನಾಯಿಮರಿ ಬರೆದೆ!"

ಕ್ಲೈವನಿಗೆ ಸೀದುಹೋದ ಕಸ್ಟರ್ಡು, ಅಮ್ಮ ಕೊಟ್ಟ ಏಟು, ತಾನು ಅಂಚೆಗೆ ಹಾಕಿದ್ದ ಕಾಗದ, ಎಲ್ಲವೂ ಒಟ್ಟಿಗೆ ನೆನಪಾದವು.

"ಇದೇ ಊರಿನವನು. ಯಾವನೋ ರಾಮ್ಸ್‌ಡೆನ್. ಸಾಯೋದ್ರೊಳಗೆ ಕೈಗೆ ಸಿಕ್ಲಿ ಅಂತಾನೇ ಬಂದಿದೀನಿ." ಪಿಲ್ಲಿಂಗ್ ಪೆನ್ನಿನ ಮುಚ್ಚಳ ತೆಗೆದರು. "ಇರ್ಲಿ ಬಿಡು. ಯಾರ ಹೆಸರಿಗೆ ಸಹಿ ಹಾಕ್ಲಿ?"

"ಡೋ... ಡೋರೀನ್‌ಗೆ."

'ಪ್ರೀತಿಯ ಡೋರೀನ್‌ಗೆ' ಎಂಬ ಅಕ್ಷರಗಳು ಮುಖಪುಟದ ಗಿಲ್ಬರ್ಟನ ಹೊಟ್ಟೆಯ ಮೇಲೆ ದಪ್ಪಗೆ ಬಿದ್ದವು. ಚಹಾ ಹಿಡಿದು ಬಂದ ಡೋರೀನ್ ಅದನ್ನು ಓದಿ ಕಣ್ಣರಳಿಸಿದಳು. "ಅಯ್ಯೋ, ನನಗೋಸ್ಕರನಾ!" ಎಂದು ಸಂಚಿಕೆಯನ್ನು ಎತ್ತಿ ಎದೆಗವಚಿಕೊಂಡಳು. ಆಮೇಲೆ ಸಂತೋಷ ತಡೆಯಲಾರದೆ ಪಿಲ್ಲಿಂಗರ ಕಡೆ ತಿರುಗಿದಳು.

"ನೋಡಿದ್ರಾ ಸಾರ್? ಇಡೀ ಓಲ್ಡ್‌ಹ್ಯಾಮಲ್ಲಿ ಹುಡುಕಿದ್ರೂ ನಮ್ಮ ಕ್ಲೈವ್ ರಾಮ್ಸ್‌ಡೆನ್ ಅಂಥವನು ಸಿಗಲ್ಲ!"

ಪಿಲ್ಲಿಂಗ್ ಕುರ್ಚಿಯಿಂದ ಮೆಲ್ಲನೆ ಎದ್ದರು.